ಮುಯ್ಯಿ ಪುಸ್ತಕದಲ್ಲಿ ಟಿಕ್ ಬೀಳದೆ ಉಳಿದ ಸಾಲು

ಹೋದ ಫೆಬ್ರುವರಿಯಲ್ಲಿ ನಮ್ಮ ಮನೆಗೆ ಒಂದು ಲಗ್ನಪತ್ರಿಕೆ ಬಂತು. ನಮ್ಮೂರಿನ ತೊಟ್ಟಿಮನೆಯವರ ಮೊಮ್ಮಗಳ ಮದುವೆ. ಊರಲ್ಲಲ್ಲ, ಇಲ್ಲೇ ಬೆಂಗಳೂರಿನಲ್ಲಿ, ಮಾಗಡಿ ರಸ್ತೆಯ ಒಂದು ಛತ್ರದಲ್ಲಿ. ಅವ್ವ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದಳು. ಯಾರ ಯಾರ ಹೆಸರು ಹಾಕಿಸಿದ್ದಾರೆ, ಯಾರದು ಬಿಟ್ಟಿದ್ದಾರೆ ಅಂತ ನೋಡಿದಳು. ಕಡೆಯ ಸಾಲಿಗೆ ಬಂದಾಗ ಮುಖ ಚಿಕ್ಕದಾಯಿತು. ಅಲ್ಲಿ ಸಣ್ಣ ಅಕ್ಷರದಲ್ಲಿ ‘ಉಡುಗೊರೆ ಬೇಡ, ನಿಮ್ಮ ಆಶೀರ್ವಾದವೇ ಉಡುಗೊರೆ’ ಅಂತ ಅಚ್ಚಾಗಿತ್ತು.

“ಅಂಗಂದ್ರೆ ಮುಯ್ಯಿ ತಗೊಳ್ಳಲ್ವಾ?” ಅಂದಳು.

“ಈಗ ಎಲ್ಲರೂ ಹಾಗೇ ಹಾಕಿಸ್ತಾರವ್ವ.”

“ಅವ್ರು ಹಾಕ್ಸುದ್ರೆ ಆಯ್ತಾ? ನಾವು ಕೊಡೋದು ಹಂಗೇ ಉಳ್ಕಂಡದಲ್ಲ.”

ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವಳೇ ಮಂಚದ ಕೆಳಗಿನ ಟ್ರಂಕನ್ನು ನನ್ನ ಕೈಲಿ ಎಳೆಸಿದಳು. ಹಳೇ ಸೀರೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಎರಡು ನೋಟ್‌ಬುಕ್ ಇದ್ದವು. ಒಂದು 1974ರದು, ಅವ್ವ-ಅಪ್ಪನ ಮದುವೆಯದು. ಇನ್ನೊಂದು 2004ರದು, ನನ್ನ ಮದುವೆಯದು. ಎರಡೂ ಮುಯ್ಯಿ ಪುಸ್ತಕಗಳು.

ಹಳೇ ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಧಾರೆ ಮುಗಿದ ಮೇಲೆ ಚಪ್ಪರದ ಒಂದು ಮೂಲೆಯಲ್ಲಿ ಇಬ್ಬರು ಚಾಪೆ ಹಾಕಿಕೊಂಡು ಕೂರುತ್ತಾರೆ. ಬಂದವರು ಅಲ್ಲಿ ದುಡ್ಡು ಕೊಡುತ್ತಾರೆ. ಒಬ್ಬ ಅದನ್ನು ತೆಗೆದುಕೊಂಡು, ಇಂಥ ಮನೆಯವರದು ಇಷ್ಟು ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾನೆ. ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಇದಕ್ಕೆ ಮುಯ್ಯಿ ಓದಿಸುವುದು ಅನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ ಇದೇ ಥರದ್ದಕ್ಕೆ ಆಹೇರಿ ಅಂತಾರೆ. ಮುಂದೆ ಆ ಮನೆಯಲ್ಲಿ ಮದುವೆಯಾದಾಗ ನಾವು ಪುಸ್ತಕ ತೆಗೆದು ನೋಡಿ, ಹೋಗಿ ಮುಯ್ಯಿ ಮಾಡಿ ಬರಬೇಕು. ಬಂದು ಆ ಸಾಲಿನ ಪಕ್ಕ ಟಿಕ್ ಹಾಕಬೇಕು. ನಮ್ಮ ಮನೆಯಲ್ಲಿ ಅಪ್ಪ ಕೆಂಪು ಇಂಕಿನಲ್ಲಿ ಹಾಕುತ್ತಿದ್ದರು. ಅಪ್ಪ ಹೋದ ಮೇಲೆ ಅವ್ವ ನನ್ನ ಕೈಲಿ ಹಾಕಿಸುತ್ತಾಳೆ.

2004ರ ಪುಸ್ತಕದ ಮೂರನೇ ಪುಟದಲ್ಲಿ ‘ತೊಟ್ಟಿಮನೆ – 101’ ಅಂತ ಇದೆ. ಟಿಕ್ ಇಲ್ಲ. 2009ರಲ್ಲಿ ಅವರ ಮನೆಯಲ್ಲೊಂದು ಮದುವೆಯಾಗಿತ್ತು. ಅವತ್ತು ಅಪ್ಪ ಆಸ್ಪತ್ರೆಯಲ್ಲಿದ್ದರು. ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಅದಾದ ಮೇಲೆ ಅವರು ಊರು ಬಿಟ್ಟು ಬೆಂಗಳೂರಿಗೆ ಬಂದರು. ಸಾಲು ಹಾಗೇ ಉಳಿಯಿತು.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಎರಡು ವರ್ಷದಿಂದ ನಾನು ದೂರಶಿಕ್ಷಣದಲ್ಲಿ ಮಾನವಶಾಸ್ತ್ರ ಓದುತ್ತಿದ್ದೇನೆ. 42ನೇ ವಯಸ್ಸಿನಲ್ಲಿ ಮತ್ತೆ ಪುಸ್ತಕ ಹಿಡಿದೆ. ಬೆಳಿಗ್ಗೆ ಐದರಿಂದ ಏಳರವರೆಗೆ ಓದು, ಆಮೇಲೆ ಅಡುಗೆ, ಆಮೇಲೆ ಆಫೀಸು. ಮೊದಲ ಕೆಲವು ತಿಂಗಳು ಬರೀ ವ್ಯಾಖ್ಯೆಗಳು. ಸಂಸ್ಕೃತಿ ಎಂದರೇನು, ಬಂಧುತ್ವ ಎಂದರೇನು, ವಿನಿಮಯ ಎಂದರೇನು. ಉರು ಹೊಡೆದು ಬರೆದೆ, ಪಾಸೂ ಆದೆ. ಆದರೆ ಒಂದೂ ಒಳಗಿಳಿದಿರಲಿಲ್ಲ. ಅವ್ವನ ಟ್ರಂಕು ತೆರೆದ ಆ ಬೆಳಿಗ್ಗೆ ಇಳಿಯಲು ಶುರುವಾಯಿತು.

ಸಂಸ್ಕೃತಿಯಿಂದಲೇ ಶುರು ಮಾಡುತ್ತೇನೆ. ನಾನು ಬೆಳೆದ ಮನೆಯಲ್ಲಿ ಆ ಪದವನ್ನು ಯಾರೂ ಬಳಸುತ್ತಿರಲಿಲ್ಲ. ಸ್ಕೂಲಿನಲ್ಲಿ ‘ಸಾಂಸ್ಕೃತಿಕ ಕಾರ್ಯಕ್ರಮ’ ಅಂದರೆ ಡ್ಯಾನ್ಸು, ನಾಟಕ. ಹಾಗಾಗಿ ಸಂಸ್ಕೃತಿ ಅನ್ನೋದು ಪಟ್ಟಣದವರ ಹತ್ತಿರ, ವೀಣೆ ಕಲಿತವರ ಹತ್ತಿರ ಇರುವ ಏನೋ ಒಂದು ಅಂದುಕೊಂಡಿದ್ದೆ. ಎಡ್ವರ್ಡ್ ಟೈಲರ್ ಎಂಬ ಇಂಗ್ಲಿಷ್ ವಿದ್ವಾಂಸ 1871ರಲ್ಲಿ ಕೊಟ್ಟ ವ್ಯಾಖ್ಯೆ ಬೇರೆಯೇ ಹೇಳುತ್ತದೆ. ತಿಳಿವಳಿಕೆ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿ, ಮನುಷ್ಯ ಸಮಾಜದೊಳಗಿದ್ದು ಕಲಿತುಕೊಂಡ ಪ್ರತಿಯೊಂದೂ ಸಂಸ್ಕೃತಿಯೇ. ಇದರಲ್ಲಿ ‘ಕಲಿತುಕೊಂಡ’ ಅನ್ನೋದೇ ಮುಖ್ಯ. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಗಂಟಾಗದ ಹಾಗೆ ತೊಳೆಸುವುದು ರಕ್ತದಲ್ಲಿ ಬರೋದಿಲ್ಲ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಅನ್ನೋದೂ ರಕ್ತದಲ್ಲಿ ಬರೋದಿಲ್ಲ. ಯಾರೋ ಕಲಿಸಿದ್ದಾರೆ. ಯಾವಾಗ ಅಂತ ನೆನಪೇ ಇರೋದಿಲ್ಲ, ಅಷ್ಟು ಚಿಕ್ಕಂದಿನಲ್ಲಿ.

ಅವ್ವನ ಆ ರಾತ್ರಿಯ ಸಂಕಟವೂ ಕಲಿತದ್ದೇ. 101 ರೂಪಾಯಿ ವಾಪಸ್ ಕೊಡದಿದ್ದರೆ ಯಾರೂ ಕೇಸು ಹಾಕುವುದಿಲ್ಲ. ಕೇಳುವುದೂ ಇಲ್ಲ. ಆದರೂ 72 ವರ್ಷದ ಹೆಂಗಸು ಅರ್ಧ ಊಟ ಬಿಟ್ಟು ಎದ್ದಳು.

ಇದು ಅರ್ಥವಾಗಲು ನನಗೆ ಪಪುವಾ ನ್ಯೂಗಿನಿಯ ಹತ್ತಿರದ ದ್ವೀಪಗಳಿಗೆ ಹೋಗಿ ಬರಬೇಕಾಯಿತು, ಪುಸ್ತಕದ ಮೂಲಕ. ಬ್ರೊನಿಸ್ಲಾವ್ ಮಾಲಿನೋವ್ಸ್ಕಿ ಪೋಲೆಂಡಿನವರು. 1914ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಮೊದಲ ಮಹಾಯುದ್ಧ ಶುರುವಾಯಿತು. ಅವರು ಆಸ್ಟ್ರಿಯಾ ಸಾಮ್ರಾಜ್ಯದ ಪ್ರಜೆ, ಅಂದರೆ ಬ್ರಿಟಿಷರ ಲೆಕ್ಕದಲ್ಲಿ ಶತ್ರು ದೇಶದವರು. ಆದರೂ ಕೆಲಸ ಮಾಡಲು ಬಿಟ್ಟರು. 1915ರಿಂದ 1918ರ ನಡುವೆ ಎರಡು ಸಲ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ದೀರ್ಘಕಾಲ ಉಳಿದರು. ಒಮರಕಾನ ಎಂಬ ಹಳ್ಳಿಯ ಮಧ್ಯದಲ್ಲೇ ಗುಡಾರ ಹಾಕಿ, ಅಲ್ಲಿಯ ಭಾಷೆ ಕಲಿತು, ಅವರ ಜೊತೆಯೇ ಬದುಕಿ ನೋಡಿದರು. ಇವತ್ತು ಪಾಠದಲ್ಲಿ ‘ಸಹಭಾಗಿ ಅವಲೋಕನ’ ಅಂತ ಓದುವ ವಿಧಾನ ಗಟ್ಟಿಯಾದದ್ದು ಅಲ್ಲಿಂದ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಜನರನ್ನು ಕರೆಸಿ ಪ್ರಶ್ನೆ ಕೇಳುವುದಲ್ಲ, ಅವರ ಅಂಗಳದಲ್ಲಿ ಇದ್ದು ನೋಡುವುದು.

ಅವರು ನೋಡಿದ್ದು ಕೂಲಾ ಎಂಬ ವಿನಿಮಯವನ್ನು. ನೂರಾರು ಮೈಲಿ ಸಮುದ್ರದಲ್ಲಿ ಚದುರಿದ ದ್ವೀಪಗಳು ಒಂದು ದೊಡ್ಡ ಉಂಗುರದ ಹಾಗೆ ಸೇರಿಕೊಂಡಿವೆ. ಕೆಂಪು ಚಿಪ್ಪಿನ ಹಾರಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ. ಬಿಳಿ ಚಿಪ್ಪಿನ ತೋಳ್ಬಳೆಗಳು ಅದಕ್ಕೆ ಎದುರು ದಿಕ್ಕಿನಲ್ಲಿ ಬರುತ್ತವೆ. ಯಾರೂ ಅವನ್ನು ಯಾವಾಗಲೂ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಲ್ಪ ದಿನ ಇಟ್ಟುಕೊಂಡು ಮುಂದಿನವರಿಗೆ ಕೊಡಬೇಕು. ಒಂದು ಹಾರ ಪೂರ್ತಿ ಸುತ್ತು ಮುಗಿಸಲು ಎರಡರಿಂದ ಹತ್ತು ವರ್ಷ ಹಿಡಿಯುತ್ತದೆ ಅಂತ ಮಾಲಿನೋವ್ಸ್ಕಿ ಬರೆದರು. ಆ ಒಡವೆಗಳಲ್ಲಿ ಬಹಳಷ್ಟನ್ನು ಯಾರೂ ದಿನಾ ಹಾಕಿಕೊಳ್ಳುವುದೂ ಇಲ್ಲ. ಮತ್ತೆ ಜೀವದ ಹಂಗು ತೊರೆದು ದೋಣಿ ಹತ್ತುವುದು ಯಾಕೆ? ಕೊಟ್ಟವನಿಗೂ ತೆಗೆದುಕೊಂಡವನಿಗೂ ನಡುವೆ ಜೀವನಪೂರ್ತಿ ಇರುವ ಒಂದು ನಂಟು ಬೆಳೆಯುತ್ತದೆ. ದೂರದ ದ್ವೀಪದಲ್ಲಿ ಊಟ ಹಾಕುವ, ರಕ್ಷಣೆ ಕೊಡುವ ಒಂದು ಮನೆ ಸಿಗುತ್ತದೆ. ಮಾರುವ-ಕೊಳ್ಳುವ ವ್ಯವಹಾರಕ್ಕೆ ಅವರಲ್ಲಿ ಬೇರೆಯೇ ಪದ ಇದೆ, ಗಿಮ್ವಾಲಿ ಅಂತ. ಕೂಲಾದಲ್ಲಿ ಚೌಕಾಸಿ ಮಾಡಿದವನನ್ನು, ಇವನು ಗಿಮ್ವಾಲಿ ಮಾಡಿದ ಹಾಗೆ ಮಾಡ್ತಾನೆ ಅಂತ ಆಡಿಕೊಳ್ಳುತ್ತಾರೆ.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವ್ವನ ಒಂದು ಮಾತು. ನನ್ನ ಮದುವೆಯಾದ ಹೊಸದರಲ್ಲಿ ಒಬ್ಬರಿಗೆ 51 ರೂಪಾಯಿ ವಾಪಸ್ ಮಾಡಬೇಕಿತ್ತು. ನಾನು 51 ಲಕೋಟೆಗೆ ಹಾಕಿದೆ. ಅವ್ವ ಗದರಿದಳು. “ಅಷ್ಟಕ್ಕಷ್ಟೇ ಕೊಟ್ರೆ ಲೆಕ್ಕ ಚುಕ್ತಾ ಮಾಡ್ದಂಗೆ ಆಯ್ತದೆ. ಒಂದು ಕೈ ಮುಂದಾಗಿ ಕೊಡ್ಬೇಕು.” ಅಂದರೆ ಲೆಕ್ಕ ಯಾವತ್ತೂ ಸಮ ಆಗಬಾರದು. ಒಂದು ಸಲ ಅವರದು ಮುಂದೆ, ಒಂದು ಸಲ ನಮ್ಮದು ಮುಂದೆ. ಸಮ ಆದ ದಿನ ಹೋಗಿಬರುವ ಕಾರಣವೇ ಮುಗಿಯುತ್ತದೆ. ಎಂಟನೇ ಕ್ಲಾಸಿನವರೆಗೆ ಓದಿದ ನನ್ನ ಅವ್ವ ಇದನ್ನು ಮೂರು ಮಾತಿನಲ್ಲಿ ಹೇಳಿದ್ದಳು. ನಾನು ಆಗ ಸುಮ್ನೆ ಇನ್ನೊಂದು 50ರ ನೋಟು ಸೇರಿಸಿ ಲಕೋಟೆ ಅಂಟಿಸಿದ್ದೆ.

ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ಉದ್ದದ ಪ್ರಬಂಧ ಪ್ರಕಟಿಸಿದರು. ಅವರು ಮಾಲಿನೋವ್ಸ್ಕಿಯ ಹಾಗೆ ದ್ವೀಪಕ್ಕೆ ಹೋದವರಲ್ಲ. ಬೇರೆಯವರು ಬರೆದು ತಂದದ್ದನ್ನು ಪಕ್ಕ ಪಕ್ಕ ಇಟ್ಟು ಓದಿದವರು. ಪೆಸಿಫಿಕ್ ದ್ವೀಪಗಳು, ಉತ್ತರ ಅಮೆರಿಕ, ಹಳೇ ರೋಮ್, ನಮ್ಮ ಮಹಾಭಾರತ, ಎಲ್ಲವನ್ನೂ ನೋಡಿ ಮೂರು ಕಟ್ಟುಪಾಡು ಗುರುತಿಸಿದರು. ಕೊಡಬೇಕು. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು. ತೆಗೆದುಕೊಂಡದ್ದಕ್ಕೆ ಮುಂದೆ ತಿರುಗಿ ಕೊಡಬೇಕು.

ಮೊದಲನೆಯದೂ ಮೂರನೆಯದೂ ನನಗೆ ಸುಲಭವಾಗಿ ಅರ್ಥವಾಗಿದ್ದವು. ನಡುವಿನದನ್ನು ಓದಿ ಮುಂದೆ ಹೋಗಿದ್ದೆ. ತೆಗೆದುಕೊಳ್ಳುವುದೂ ಒಂದು ಕರ್ತವ್ಯವೇ? ಲಗ್ನಪತ್ರಿಕೆಯ ಆ ಸಣ್ಣ ಅಕ್ಷರದ ಸಾಲು ಅದನ್ನು ತೋರಿಸಿಕೊಟ್ಟಿತು. ಬೇಡ ಅಂದರೆ ಕೊಡುವವರ ಕೈ ಗಾಳಿಯಲ್ಲಿ ನಿಲ್ಲುತ್ತದೆ. ತೊಟ್ಟಿಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹಾಕಿಸಿದ್ದರು. ಬಂದವರಿಗೆ ಭಾರ ಆಗಬಾರದು ಅಂತ. ಆದರೆ ಅವ್ವನಿಗೆ ಕೇಳಿಸಿದ್ದು, ಇನ್ನು ಮೇಲೆ ನಿಮ್ಮ ಹತ್ತಿರ ಕೊಡು-ತಗೊಳ್ಳೋದು ಇಲ್ಲ ಅಂತ.

ಮುಯ್ಯಿ ಅನ್ನೋ ಪದವನ್ನೇ ನೋಡಿ. ಮದುವೆಯಲ್ಲಿ ಕೊಡುವುದು ಮುಯ್ಯಿ. ಇವತ್ತು ನಿಮ್ಮ ಗದ್ದೆಗೆ ನಾವು ನಾಟಿಗೆ ಬಂದು, ನಾಳೆ ನಮ್ಮ ಗದ್ದೆಗೆ ನೀವು ಬರುವುದು ಮುಯ್ಯಾಳು. ದ್ವೇಷ ಸಾಧಿಸಿದರೆ ಅದು ಮುಯ್ಯಿ ತೀರಿಸಿಕೊಳ್ಳುವುದು. ಪ್ರೀತಿ, ದುಡಿಮೆ, ಸೇಡು ಮೂರಕ್ಕೂ ಒಂದೇ ಪದ. ಯಾಕೆಂದರೆ ಮೂರರಲ್ಲೂ ಬಂದದ್ದನ್ನು ತಿರುಗಿಸಲೇಬೇಕು. ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಅಂದರೆ ವಿಷ, ಅದೇ ಪದಕ್ಕೆ ಒಂದು ಕಾಲದಲ್ಲಿ ಉಡುಗೊರೆ ಅನ್ನೋ ಅರ್ಥವೂ ಇತ್ತು. ಇದನ್ನು ಮೋಸ್ ಗಮನಿಸಿ ಬರೆದಿದ್ದಾರೆ. ಅವರಿಗೆ ಕನ್ನಡದ ಮುಯ್ಯಿ ಸಿಕ್ಕಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಅಂತ ನನಗೆ ಅನ್ನಿಸುತ್ತದೆ.

ಆಫೀಸಿನಲ್ಲಿ ನಾನು ಮುಯ್ಯಿ ಪುಸ್ತಕದ ಬಗ್ಗೆ ಹೇಳಿದಾಗ ಒಬ್ಬ ಹುಡುಗ, “ಅಯ್ಯೋ, ಇದೊಂಥರಾ ಚೀಟಿ ವ್ಯವಹಾರ ಅಲ್ವಾ ಮೇಡಂ? ಪ್ರೀತಿ ಇದ್ದರೆ ಲೆಕ್ಕ ಯಾಕೆ ಬರೀಬೇಕು?” ಅಂದ. ನನಗೆ ನೋವಾಯಿತು, ಆದರೆ ಪ್ರಶ್ನೆ ಸರಿಯಾದದ್ದೇ. ಇಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಷಲ್ ಸಾಲಿನ್ಸ್ ಮಾಡಿದ ಒಂದು ವಿಂಗಡಣೆ ನನಗೆ ಸಹಾಯಕ್ಕೆ ಬಂತು. ಅವ್ವ ನನಗೆ ಹಾಕಿದ ಊಟಕ್ಕೆ ಲೆಕ್ಕವೇ ಇಲ್ಲ, ವಾಪಸ್ ಬರುತ್ತೆ ಅನ್ನೋ ನಿರೀಕ್ಷೆಯೂ ಇಲ್ಲ. ಅದು ಒಂದು ತುದಿ. ಸಂತೆಯಲ್ಲಿ ಗುರುತಿಲ್ಲದವನಿಗೆ ಸಾಧ್ಯವಾದಷ್ಟು ಕಡಿಮೆ ಕೊಟ್ಟು ಜಾಸ್ತಿ ಕಿತ್ತುಕೊಳ್ಳುವುದು ಇನ್ನೊಂದು ತುದಿ. ಮುಯ್ಯಿ ಇವೆರಡರ ನಡುವೆ ಇದೆ. ಮನೆಯವರಷ್ಟು ಹತ್ತಿರ ಅಲ್ಲದ, ಸಂತೆಯವರಷ್ಟು ದೂರವೂ ಅಲ್ಲದ ಜನರ ಜೊತೆ ಹೇಗೆ ಇರಬೇಕು ಅನ್ನೋದಕ್ಕೆ ಅದು ಉತ್ತರ. ಲೆಕ್ಕ ಬರೆಯುವುದು ಜಿಪುಣತನಕ್ಕಲ್ಲ. ಮರೆಯಬಾರದು ಅಂತ.

ಹೊರಗಿನಿಂದ ನೋಡಿದವರು ಇಂಥದ್ದನ್ನು ತಪ್ಪು ತಿಳಿದಾಗ ಎಷ್ಟು ಅನ್ಯಾಯ ಆಗಬಹುದು ಅನ್ನೋದಕ್ಕೆ ಕೆನಡಾದ ಉದಾಹರಣೆ ಇದೆ. ಅಲ್ಲಿಯ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಲ್ಲಿ ಪಾಟ್‌ಲ್ಯಾಚ್ ಎಂಬ ದೊಡ್ಡ ಕೊಡುಗೆಯ ಹಬ್ಬ ಇತ್ತು. ಮನೆತನದವರು ವರ್ಷಗಟ್ಟಲೆ ಕೂಡಿಟ್ಟದ್ದನ್ನು ಬಂದವರಿಗೆಲ್ಲ ಹಂಚಿಬಿಡುತ್ತಿದ್ದರು. ಸರ್ಕಾರದವರಿಗೂ ಪಾದ್ರಿಗಳಿಗೂ ಅದು ದುಂದುವೆಚ್ಚದ ಹಾಗೆ ಕಂಡಿತು. 1885ರಿಂದ 1951ರವರೆಗೆ ಅದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಹಬ್ಬ ಮಾಡಿದ್ದಕ್ಕೆ ಜನ ಜೈಲಿಗೆ ಹೋದರು. ತನ್ನ ಅಳತೆಗೋಲಿನಲ್ಲೇ ಎಲ್ಲರನ್ನೂ ಅಳೆಯುವುದಕ್ಕೆ ಪಾಠದಲ್ಲಿ ‘ಸ್ವಜನ ಕೇಂದ್ರಿತ ದೃಷ್ಟಿ’ ಅಂತ ಒಂದು ಪದ ಇದೆ. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಆ ಕರಾವಳಿಯ ಜನರ ನಡುವೆ ಹಲವು ವರ್ಷ ಕೆಲಸ ಮಾಡಿದವರು. ಪಾಟ್‌ಲ್ಯಾಚ್ ನಿಷೇಧವನ್ನು ವಿರೋಧಿಸಿದರು. ಒಂದು ಜನರ ರೂಢಿಯನ್ನು ಮೊದಲು ಅವರ ಬದುಕಿನೊಳಗೆ ಇಟ್ಟು ಅರ್ಥಮಾಡಿಕೊಳ್ಳಿ ಅನ್ನೋದು ಅವರು ಬಿಟ್ಟುಹೋದ ಪಾಠ.

ಪುಸ್ತಕಗಳಿಗೆ ವಾಪಸ್ ಬರುತ್ತೇನೆ. ಅಸೈನ್‌ಮೆಂಟಿಗೆ ಅಂತ ನಾನು ಎರಡನ್ನೂ ಸಾಲು ಸಾಲಾಗಿ ಓದಲು ಕೂತೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಮೊದಲು “ಯಾಕೆ” ಅಂತ ಕೇಳುತ್ತಿದ್ದೆ. ಯಾಕೆ 100 ಅಲ್ಲ, 101? ಯಾಕೆ ಇವರದು ಮೊದಲು? ಅವಳ ಉತ್ತರ ಒಂದೇ: “ಹಂಗೇ ಮಾಡೋದು.” ಆಮೇಲೆ ಪ್ರಶ್ನೆ ಬದಲಾಯಿಸಿದೆ. ಅವತ್ತು ಏನಾಯ್ತು, ಯಾರು ಎಲ್ಲಿ ಕೂತಿದ್ದರು, ಯಾರಿಗೆ ಸಿಟ್ಟು ಬಂತು ಅಂತ ಕೇಳಿದೆ. ಆಗ ಅವಳು ಮಾತು ನಿಲ್ಲಿಸಲಿಲ್ಲ. ಮೂರು ಭಾನುವಾರ ಹಿಡಿಯಿತು.

ನನಗೆ ಮೊದಲು ಕಂಡದ್ದು, ಪುಸ್ತಕದಲ್ಲಿ ಮನುಷ್ಯರ ಹೆಸರೇ ಹೆಚ್ಚು ಇಲ್ಲ. ಮೇಗಲಮನೆ, ಬಾವಿಮನೆ, ಹುಣಸೆಮರದ ಮನೆ. ಕೊಡುವುದು ಮನೆ, ತೆಗೆದುಕೊಳ್ಳುವುದು ಮನೆ. ಕೊಟ್ಟವರು ಸತ್ತರೂ ಸಾಲು ಸಾಯುವುದಿಲ್ಲ, ಮಕ್ಕಳ ಮೇಲೆ ಬರುತ್ತದೆ. 1974ರಲ್ಲಿ ಬರೀ 2 ರೂಪಾಯಿ, 5 ರೂಪಾಯಿ. ಎಷ್ಟೋ ಕಡೆ ದುಡ್ಡೇ ಇಲ್ಲ. ‘ಅಕ್ಕಿ ನಾಲ್ಕು ಸೇರು, ಕಾಯಿ ಎರಡು’ ಅಂತ ಇದೆ.

ಎರಡೂ ಪುಸ್ತಕದ ಮೊದಲ ಸಾಲು ಸೋದರಮಾವನದು. ಇಲ್ಲಿ ಬಂಧುತ್ವದ ಪಾಠ ಎದ್ದು ನಿಂತಿತು. ಇಂಗ್ಲಿಷಿನಲ್ಲಿ ಅಪ್ಪನ ತಮ್ಮನೂ ಅಂಕಲ್, ಅಮ್ಮನ ತಮ್ಮನೂ ಅಂಕಲ್. ನಮ್ಮಲ್ಲಿ ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ, ಅಂದರೆ ಅವರೂ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರು ಅಮ್ಮಂದಿರೇ. ಅವರ ಮಕ್ಕಳು ನಮಗೆ ಅಣ್ಣ, ತಂಗಿ. ಆದರೆ ಅಮ್ಮನ ತಮ್ಮ ಮಾವ, ಅಪ್ಪನ ತಂಗಿ ಅತ್ತೆ. ಗಂಡನ ಅಪ್ಪ-ಅಮ್ಮನಿಗೂ ಅದೇ ಪದ. ಅಳಿಯ ಅಂದರೆ ಮಗಳ ಗಂಡನೂ ಹೌದು, ಗಂಡಸಿಗೆ ಅಕ್ಕನ ಮಗನೂ ಹೌದು. ಹೆಣ್ಣು ಕೊಟ್ಟು ತರುವುದು ಯಾರ ನಡುವೆ ನಡೆಯಬಹುದು ಅನ್ನೋದು ನಮ್ಮ ಪದಗಳಲ್ಲೇ ಕೂತಿದೆ. ಅಮೆರಿಕದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ ಇಂಥ ಪದಗಳನ್ನು ಪ್ರಪಂಚದ ಎಲ್ಲ ಕಡೆಯಿಂದ ಪಟ್ಟಿ ಮಾಡಿ ತರಿಸಿಕೊಂಡರು. ಅವರ ಪುಸ್ತಕವೂ ಟೈಲರ್ ಪುಸ್ತಕ ಬಂದ 1871ರಲ್ಲೇ ಬಂತು. ಅದರಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಪಟ್ಟಿಯೂ ಇದೆ. ನ್ಯೂಯಾರ್ಕ್ ಸೀಮೆಯ ಸೆನೆಕಾ ಜನ ಕೂಡ ಅಪ್ಪನ ತಮ್ಮನನ್ನು ಅಪ್ಪ ಅಂತಲೇ ಕರೆಯುವುದು ಕಂಡು ಅವರಿಗೆ ಆಶ್ಚರ್ಯವಾಯಿತು. ಆ ಜನರ ಮೂಲ ಏಷ್ಯಾ ಅನ್ನೋದಕ್ಕೆ ಇದೇ ಸಾಕ್ಷಿ ಅಂದುಬಿಟ್ಟರು. ಪದಗಳು ಅದಕ್ಕೆ ಸಾಕ್ಷಿ ಅನ್ನೋ ಆ ವಾದ ನಿಲ್ಲಲಿಲ್ಲ. ಆದರೆ ಸಂಬಂಧದ ಪದಗಳನ್ನು ಗಂಭೀರವಾಗಿ ಓದಬಹುದು ಅನ್ನೋದು ನಿಂತಿತು.

ಟ್ರೋಬ್ರಿಯಾಂಡಿನಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ, ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ. ಅಲ್ಲಿ ಗಂಡಸು ತಾನು ಬೆಳೆದ ಗೆಣಸಿನ ಒಳ್ಳೆಯ ಪಾಲನ್ನು ಅಕ್ಕತಂಗಿಯ ಗಂಡನ ಮನೆಗೆ ಕಳಿಸುತ್ತಾನೆ. ನಮ್ಮದು ಅಪ್ಪನ ಕಡೆಯಿಂದ ನಡೆಯುವ ಮನೆತನ. ಆದರೂ ನನ್ನ ಸೋದರಮಾವ ಪ್ರತಿ ಗೌರಿ ಹಬ್ಬಕ್ಕೆ ಅವ್ವನಿಗೆ ಬಾಗಿನದ ದುಡ್ಡು ತಪ್ಪಿಸಿಲ್ಲ. ಈಗ ಫೋನಿನಲ್ಲೇ ಕಳಿಸುತ್ತಾನೆ. ಅವ್ವ ಅದನ್ನು ಬ್ಯಾಂಕಿನಿಂದ ನೋಟಾಗಿ ತರಿಸಿ, ದೇವರ ಮುಂದೆ ಇಟ್ಟು, ಆಮೇಲೆ ಖರ್ಚು ಮಾಡುತ್ತಾಳೆ.

ಎರಡನೇ ಭಾನುವಾರ ಅವ್ವ ಪುಸ್ತಕ ಮುಚ್ಚಿ, “ಇದ್ರಲ್ಲಿ ಅರ್ಧನೂ ಇಲ್ಲ ಬುಡು” ಅಂದಳು. ಉಳಿದರ್ಧ ಎಲ್ಲಿದೆ? ಅವಳ ತಲೆಯಲ್ಲಿ. ಹೆಂಗಸರು ಹೆಂಗಸರಿಗೆ ಕೊಟ್ಟದ್ದು. ಮಡಿಲಕ್ಕಿ, ರವಿಕೆ ಕಣ, ಬಳೆಗೆ ಅಂತ ಕೈಯಲ್ಲಿ ಮಡಚಿಟ್ಟ ನೋಟು. ಬಾಣಂತನಕ್ಕೆ ಬಂದು ತಿಂಗಳು ಇದ್ದು ಹೋದವರು. ಯಾವ ಸೀರೆ ಯಾರಿಂದ ಬಂದು ಯಾರಿಗೆ ಹೋಯಿತು. 30 ವರ್ಷದ್ದು ಒಂದೂ ತಪ್ಪದೆ ಹೇಳಿದಳು. ಮುಯ್ಯಿ ಪುಸ್ತಕ ಬರೆದದ್ದು ಗಂಡಸರು. ಅವರ ಕಣ್ಣಿಗೆ ಬಿದ್ದದ್ದನ್ನು ಬರೆದರು.

ಮಾಲಿನೋವ್ಸ್ಕಿಗೂ ಇದೇ ಆಗಿತ್ತು. 1971ರಲ್ಲಿ ಆನೆಟ್ ವೀನರ್ ಎಂಬ ಅಮೆರಿಕದ ವಿದ್ಯಾರ್ಥಿನಿ ಅದೇ ದ್ವೀಪಕ್ಕೆ ಹೋದರು. ಹೋದ ಸ್ವಲ್ಪ ಸಮಯದಲ್ಲೇ ಒಂದು ಸಾವಿನ ಕರ್ಮದಲ್ಲಿ ಹೆಂಗಸರು ಬಾಳೆ ಎಲೆಯ ಕಟ್ಟುಗಳನ್ನೂ ನಾರಿನ ಲಂಗಗಳನ್ನೂ ರಾಶಿ ರಾಶಿ ಹಂಚುವುದನ್ನು ಕಂಡರು. ಅದು ಅಲ್ಲಿಯ ಹೆಂಗಸರ ಸಂಪತ್ತು. ತಾಯಿಯ ಕಡೆಯ ಮನೆತನದ ಮರ್ಯಾದೆ ಅದರ ಮೇಲೆ ನಿಂತಿತ್ತು. ಅಷ್ಟು ಕಾಲ ಇದ್ದು, ಅಷ್ಟು ಸೂಕ್ಷ್ಮವಾಗಿ ಬರೆದ ಮಾಲಿನೋವ್ಸ್ಕಿಯ ಪುಸ್ತಕಗಳಲ್ಲಿ ಅದಕ್ಕೆ ಸಿಕ್ಕ ಜಾಗ ಬಹಳ ಕಡಿಮೆ. ಇದನ್ನು ಓದಿದ ಮೇಲೆ ನಾನು ಒಂದು ಮೂರನೇ ನೋಟ್‌ಬುಕ್ ತಂದೆ. ಅವ್ವ ಹೇಳಿದ್ದನ್ನು ಅದರಲ್ಲಿ ಬರೆಯುತ್ತಿದ್ದೇನೆ. ಈಗ 64 ಪುಟ ಆಗಿದೆ.

ಮೂರನೇ ಭಾನುವಾರದ ಮಾತು ಬರೆಯುವುದು ಕಷ್ಟ. ಆದರೆ ಬಿಟ್ಟರೆ ತಪ್ಪಾಗುತ್ತದೆ.

ನಾನು ಸುಮ್ನೆ ಕೇಳಿದೆ. “ಅವ್ವ, ನನ್ನ ಮದುವೆಗೆ ತಮಟೆ ಬಾರಿಸಿದವರದು, ಚಪ್ಪರಕ್ಕೆ ಗರಿ ಕಡಿದು ತಂದವರದು, ಸೌದೆ ಸೀಳಿದವರದು ಹೆಸರು ಎಲ್ಲಿ?” ಅವಳು ನನ್ನ ಮುಖ ನೋಡಿದಳು. ಎರಡೂ ಪುಸ್ತಕದಲ್ಲಿ ಅವರೆಲ್ಲ ಇದ್ದ ದಲಿತರ ಬೀದಿಯ ಒಂದೇ ಒಂದು ಮನೆ ಇಲ್ಲ. ನಮ್ಮದು ಒಕ್ಕಲುತನದ ಮನೆ. ಊರಿನ ಜಮೀನು, ಜನ, ಮಾತು ಎಲ್ಲ ನಮ್ಮವರದೇ ಜಾಸ್ತಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇಂಥವರಿಗೆ ‘ಪ್ರಬಲ ಜಾತಿ’ ಅನ್ನೋ ಹೆಸರು ಕೊಟ್ಟರು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ, ಎತ್ತಿನ ಮನೆಯಲ್ಲಿ ಬಿಡಾರ ಮಾಡಿಕೊಂಡು ಇದ್ದವರು. ಹಳ್ಳಿಯ ಹೆಸರನ್ನು ರಾಂಪುರ ಅಂತ ಬದಲಾಯಿಸಿ ಬರೆದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೋಣೆಗೆ ಬೆಂಕಿ ಬಿದ್ದು, ವರ್ಷಗಟ್ಟಲೆ ತಿದ್ದಿ ಜೋಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಬಂತು. ನಮ್ಮ ಕಡೆ ಇದ್ದ ‘ಹಳೇಮಗ’ ಪದ್ಧತಿಯ ಬಗ್ಗೆಯೂ ಅವರು ಬರೆದಿದ್ದಾರೆ. ದಲಿತ ಮನೆಯೊಂದು ತಲೆತಲಾಂತರದಿಂದ ಒಂದು ಒಕ್ಕಲು ಮನೆಗೆ ಕಟ್ಟುಬಿದ್ದಿರುವುದು. ಮದುವೆ, ಸಾವು ಎರಡಕ್ಕೂ ಆ ಮನೆಯವರೇ ಬಂದು ದುಡಿಯಬೇಕು. ಸುಗ್ಗಿಯಲ್ಲಿ ಕಣದಲ್ಲಿ ಅಳೆದು ಕೊಟ್ಟದ್ದನ್ನು ತೆಗೆದುಕೊಂಡು ಹೋಗಬೇಕು. ಹೆಸರಲ್ಲಿ ಮಗ. ಊಟ ಮಾತ್ರ ಕೊನೆಯಲ್ಲಿ, ಹಿತ್ತಲಲ್ಲಿ.

“ಅವ್ರ ಕೈಲಿ ನಾವು ಹೆಂಗೆ ಈಸ್ಕೊಳ್ಳೋದು?” ಅಂದಳು ಅವ್ವ. ಅಂದು, ತಾನೇ ಸುಮ್ಮನಾದಳು.

ಮೋಸ್ ಹೇಳಿದ ನಡುವಿನ ಕಟ್ಟುಪಾಡು ಇಲ್ಲಿ ಇನ್ನೊಂದು ಮುಖ ತೋರಿಸಿತು. ಯಾರ ಕೈಯಿಂದ ತೆಗೆದುಕೊಳ್ಳುತ್ತೇವೋ ಅವರನ್ನು ಸಮ ಅಂತ ಒಪ್ಪಿದ ಹಾಗೆ. ತೆಗೆದುಕೊಳ್ಳದೆ ಬರೀ ಕೊಡುತ್ತಾ ಇದ್ದರೆ ಅವರನ್ನು ಕೆಳಗೇ ಇಟ್ಟ ಹಾಗೆ. ನಮ್ಮ ಮನೆಯ 101 ರೂಪಾಯಿ ತೊಟ್ಟಿಮನೆಗೆ ತಲುಪಲಿಲ್ಲ ಅಂತ ನಿದ್ದೆಗೆಟ್ಟ ಅವ್ವ, ಆ ಬೀದಿಯವರ ದುಡಿಮೆಯನ್ನು ಯಾವತ್ತೂ ಸಾಲ ಅಂತ ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ. ರೂಢಿಯನ್ನು ಅದರ ಒಳಗಿಟ್ಟು ಅರ್ಥಮಾಡಿಕೊಳ್ಳಿ ಅನ್ನೋ ಬೋವಾಸ್ ಪಾಠವನ್ನು ನಾನು ಒಪ್ಪುತ್ತೇನೆ. ಅರ್ಥಮಾಡಿಕೊಂಡ ಮೇಲೆ ಇದು ಸರಿಯಲ್ಲ ಅಂತ ಹೇಳುವುದನ್ನು ಅದು ತಡೆಯುವುದಿಲ್ಲ ಅಂತಲೂ ನಂಬುತ್ತೇನೆ. ನನ್ನ ಮೂರನೇ ನೋಟ್‌ಬುಕ್ಕಿನಲ್ಲಿ ಈಗ ಆ ಬೀದಿಯ ಏಳು ಮನೆಗಳಿವೆ. ಅವರು ಯಾವ ಕೆಲಸ ಮಾಡಿದರು ಅಂತ ಅವ್ವನನ್ನೇ ಕೇಳಿ ಕೇಳಿ ಬರೆದಿದ್ದೇನೆ. ಟಿಕ್ ಹಾಕುವ ದಾರಿ ಇನ್ನೂ ಕಂಡಿಲ್ಲ.

ಮದುವೆಯ ದಿನ ನಾವು ಒಂಬತ್ತಕ್ಕೇ ಛತ್ರ ಸೇರಿದೆವು. ವೇದಿಕೆಯ ಮೇಲೆ ದೊಡ್ಡ ಸಾಲು. ಅವ್ವ ಮಂಡಿನೋವಿನಲ್ಲೂ ನಿಂತಳು. ಕೈಯಲ್ಲಿ ಲಕೋಟೆ, ಒಳಗೆ 1001. ನಮ್ಮ ಸರದಿ ಬಂದಾಗ ಹುಡುಗಿಯ ಅಪ್ಪ ಕೈಮುಗಿದು, “ಬೇಡ ಚಿಕ್ಕಮ್ಮ, ನೀವು ಬಂದಿರಲ್ಲ, ಅದೇ ಸಾಕು” ಅಂದರು. ಬಹಳ ಪ್ರೀತಿಯಿಂದಲೇ ಅಂದರು. ಫೋಟೋ ತೆಗೆದರು. ಹಿಂದಿನವರು ಮುಂದೆ ಬಂದರು. ಅವ್ವ ಲಕೋಟೆ ಹಿಡಿದುಕೊಂಡೇ ಮೆಟ್ಟಿಲು ಇಳಿದಳು.

ಕೆಳಗೆ ಮೊದಲ ಸಾಲಿನ ಕುರ್ಚಿಯಲ್ಲಿ ತೊಟ್ಟಿಮನೆಯ ಅಜ್ಜಿ ಕೂತಿದ್ದರು. ಹುಡುಗಿಯ ಅಪ್ಪನ ತಾಯಿ. ಕಣ್ಣು ಅಷ್ಟು ಕಾಣುವುದಿಲ್ಲ. ಅವ್ವ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಕೈ ಹಿಡಿದು ತಾನು ಯಾರು ಅಂತ ಹೇಳಿದಳು. ಅಜ್ಜಿ ಅವ್ವನ ಕೈಬಳೆ ಮುಟ್ಟಿ ನೋಡಿದರು. ಇಬ್ಬರೂ ಸ್ವಲ್ಪ ಹೊತ್ತು ಅಪ್ಪನ ಬಗ್ಗೆ ಮಾತಾಡಿದರು. ಆಮೇಲೆ ಅವ್ವ ಚೀಲದಿಂದ ಒಂದು ರವಿಕೆ ಕಣ, ಎಲೆ ಅಡಿಕೆ, ಕಾಯಿ ತೆಗೆದಳು. ಮೇಲೆ ಲಕೋಟೆ ಇಟ್ಟಳು.

“ನಿನ್ ಮಗ ಬ್ಯಾಡ ಅಂದ. ನೀನೇನಂತೀಯಾ ಅಕ್ಕ?”

ಅಜ್ಜಿ ಮಾತಾಡಲಿಲ್ಲ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಅವ್ವ ಎಲ್ಲವನ್ನೂ ಅದರಲ್ಲಿ ಹಾಕಿದಳು. ಅಜ್ಜಿ ಎಲೆ ಅಡಿಕೆಯಲ್ಲಿ ಎರಡು ಎಲೆ, ಒಂದು ಅಡಿಕೆ ಬಿಡಿಸಿ ಅವ್ವನ ಕೈಗೆ ವಾಪಸ್ ಇಟ್ಟರು. ಆಮೇಲೆ ಪಕ್ಕದಲ್ಲಿ ಫೋನು ನೋಡುತ್ತಾ ನಿಂತಿದ್ದ ಮೊಮ್ಮಗನನ್ನು ಕರೆದರು.

“ಬರ್ಕೊ” ಅಂದರು.

“ಎಲ್ಲಿ ಬರ್ಕೊಳ್ಳಲಿ ಅಜ್ಜಿ? ಪುಸ್ತಕ ಮಾಡಿಲ್ವಲ್ಲ.”

“ಎಲ್ಲಾರ ಬರ್ಕೊ. ಮೇಗಲಬೀದಿ ಸಂಪಿಗೆಮರದ ಮನೆಯೋರದು. ಸಾವಿರದ ಒಂದು.”

ಹುಡುಗ ಫೋನಿನಲ್ಲಿ ಬರೆದುಕೊಂಡ. ಬರೆದದ್ದನ್ನು ಗಟ್ಟಿಯಾಗಿ ಓದು ಅಂದರು ಅಜ್ಜಿ. ಅವನು ಓದಿದ. ಸುತ್ತ ಕೂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಅವ್ವ ಎದ್ದು, “ನಡಿ, ಊಟಕ್ಕೆ ಕೂರೋಣ” ಅಂದಳು.